ಶೇಷ ಎಷ್ಟು?

ಹಿಂದಿನಿಂದ ಬರುತ್ತಿರುವುದು ಯಾವ ಗಾಡಿ ಅಂತ ತಿರುಗಿ ನೋಡದೆ ಹೇಳುವ ವಿದ್ಯೆ ನನಗೆ ಒಲಿದಿದೆ. ಮೂವತ್ತೊಂದು ವರ್ಷ ಚಿಲಮತ್ತೂರಿನಿಂದ ಹಳ್ಳಿ ಸ್ಕೂಲಿಗೆ ಸೈಕಲ್ ತುಳಿದ ಲೆಕ್ಕದ ಮೇಷ್ಟ್ರಿಗೆ ಪಿಂಚಣಿಯ ಜೊತೆ ಸಿಕ್ಕ ಸವಲತ್ತು ಇದೊಂದೇ. ಬೊಲೆರೊ ಆದರೆ ಟಯರಿನ ಗೊರಗೊರ ಮೊದಲು, ಇಂಜಿನ್ನಿನ ಸದ್ದು ಆಮೇಲೆ. ಟಾಟಾ ಏಸ್ ಬರುವ ಮುಂಚೆ ಅದರೊಳಗಿನ ತೆಲುಗು ಹಾಡು ಬರುತ್ತದೆ. ಅಂಬಾಸಡರ್ ಇದ್ದ ಕಾಲದಲ್ಲಿ ಅದು ಹಜಾರಕ್ಕೆ ಬರುವ ಮಾವನವರಂತೆ ದೂರದಿಂದಲೇ ಕೆಮ್ಮಿ ಸೂಚನೆ ಕೊಡುತ್ತಿತ್ತು. ಸೊಸೆಯಂದಿರು ಸೆರಗು ಸರಿಪಡಿಸಿಕೊಳ್ಳುವಷ್ಟು ವ್ಯವಧಾನ ನಮಗೂ ಸಿಗುತ್ತಿತ್ತು. ಸೈಕಲ್ಲಿನವನಿಗೆ ಕಿವಿಯೇ ಕನ್ನಡಿ. ಅದಕ್ಕೇ ಈಗ ಬಂದಿರುವ ಹಸಿರು ನಂಬರ್ ಪ್ಲೇಟಿನ ಕರೆಂಟ್ ಕಾರುಗಳನ್ನು ಕಂಡರೆ ನನಗಾಗದು. ಹೊಗೆ ಬಿಡುವುದಿಲ್ಲ, ಒಪ್ಪಿದೆ. ಆದರೆ ಬೆಕ್ಕಿನ ಹಾಗೆ ಬಂದು ಮೊಣಕೈ ಪಕ್ಕದಲ್ಲಿ ನಿಂತಿರುತ್ತವೆ.

ಊರಿನ ವಿಳಾಸ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಬಾಗೇಪಲ್ಲಿ ದಾಟಿದರೆ ಆಂಧ್ರ, ಆಂಧ್ರ ಹತ್ತಿದ ಕೂಡಲೆ ಕೊಡಿಕೊಂಡ ಚೆಕ್‌ಪೋಸ್ಟು. 2017ರಲ್ಲಿ ಜಿಎಸ್‌ಟಿ ಬಂದು ತೆರಿಗೆಯ ತಪಾಸಣೆ ನಿಂತು ಹೋಯಿತು, ಹೆಸರು ಮಾತ್ರ ನಿಂತಿಲ್ಲ. ಅಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ನಾವು, ನಮ್ಮನ್ನು ದಾಟಿದರೆ ಲೇಪಾಕ್ಷಿ, ಅದನ್ನೂ ದಾಟಿದರೆ ಹಿಂದೂಪುರ. ಅನಂತಪುರ ಜಿಲ್ಲೆಯವರಾಗಿ ಹುಟ್ಟಿ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯವರಾದೆವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಲಾರಿ ಢಾಬಾದಲ್ಲಿ ಹಿಂದಿ. ರಸ್ತೆಯಲ್ಲಿ ಬೈಸಿಕೊಳ್ಳುವುದು ಮೂರರಲ್ಲೂ. "ಪೆದ್ದಾಯನಾ, ಪಕ್ಕಕು ಜರುಗು" ಅಂದರೆ ನಮ್ಮವನೇ. "ಏನ್ ಸಾರ್ ಇದು, ರೋಡ್ ಮಧ್ಯೆ" ಅಂದರೆ ಬೆಂಗಳೂರಿನವನು. ಬೈಗುಳದಲ್ಲೂ ಒಂದು 'ಸಾರ್' ಇಟ್ಟಿರುತ್ತಾನೆ. ಹಿಂದಿಯದು ನನಗೆ ಪೂರ್ತಿ ಅರ್ಥವಾಗುವುದಿಲ್ಲ, ಆದ್ದರಿಂದ ಬೇಜಾರೂ ಇಲ್ಲ.

ಗಾಡಿ ನೋಡಿ ಮನುಷ್ಯನನ್ನು ಅಳೆಯುವುದು ಸರಿಯಲ್ಲ ಎಂದು ನಮ್ಮ ಮನೆಯಾಕೆ ಆಗಾಗ ಹೇಳುತ್ತಾಳೆ. ಅವಳೇ ಶುಕ್ರವಾರ ದೇವರ ಪಟ ಒರೆಸುವಾಗ ಇಲಿ ಕಂಡರೆ ಗಣಪತಿ, ಕಾಗೆ ಕಂಡರೆ ಶನಿಮಹಾತ್ಮ ಅಂತ ಅಳೆಯುವವಳು. ಕೋಣದ ವಿಷಯ ಹೇಳುವುದೇ ಬೇಡ. ದೇವರುಗಳನ್ನೇ ವಾಹನದಿಂದ ಗುರುತು ಹಿಡಿಯುವ ನಾಡಿನಲ್ಲಿ ಹಿಂದೂಪುರದ ರಿಯಲ್ ಎಸ್ಟೇಟಿನವನಿಗೆ ಏನು ವಿನಾಯಿತಿ? ಅಷ್ಟಕ್ಕೂ ಲೇಪಾಕ್ಷಿಯಲ್ಲಿ, ವೀರಭದ್ರನ ಗುಡಿಗೆ ಹೋಗುವ ರಸ್ತೆ ಪಕ್ಕದಲ್ಲೇ, ಒಂದೇ ಬಂಡೆಯಲ್ಲಿ ಕಡೆದ ಬಸವಣ್ಣ ವಿಜಯನಗರದ ಕಾಲದಿಂದ ಕೂತಿದ್ದಾನೆ. ಕೊರಳಲ್ಲಿ ಗಂಟೆಸರ, ಮೈಮೇಲೆ ಅಲಂಕಾರ, ಗಾತ್ರದಲ್ಲಿ ಯಾವ ಕಾರಿಗೂ ಕಡಿಮೆಯಿಲ್ಲ. ನಾನು ಕಂಡ ವಾಹನಗಳಲ್ಲಿ ಸೈಕಲ್ಲಿನವನಿಗೆ ಎಂದೂ ತೊಂದರೆ ಕೊಡದ್ದು ಅದೊಂದೇ.

ಮಿಕ್ಕವುಗಳ ವಿಷಯಕ್ಕೆ ಬರುತ್ತೇನೆ. ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಪಂಚರ್ ಅಂಗಡಿ ಭಾಯಿ, ಕ್ಯಾನು ನೇತುಹಾಕಿಕೊಂಡು ಡೈರಿಗೆ ಹಾಲು ಹಾಕುವ ನಮ್ಮ ಸೋದರಮಾವ, ಪೇಪರ್ ಹುಡುಗ, ನಾನು, ನಾಲ್ವರೂ ಸೇರಿ ಹಲವು ವರ್ಷ ವಿಚಾರ ವಿನಿಮಯ ಮಾಡಿ ತೀರ್ಮಾನಿಸಿದ್ದು.

ಮಾರುತಿ 800 ಸಾಧು ಪ್ರಾಣಿ. ಅದನ್ನು ಓಡಿಸುತ್ತಿದ್ದವರು ಬ್ಯಾಂಕಿನವರು, ಡಾಕ್ಟರು, ಹೊಸದಾಗಿ ಪ್ರಮೋಷನ್ ಆದ ಹೆಡ್‌ಮಾಸ್ಟರು. ಸಾಲದ ಕಂತು ಇನ್ನೂ ಬಾಕಿ ಇರುವವನ ವಿನಯ ಅವರ ಡ್ರೈವಿಂಗಿನಲ್ಲಿತ್ತು. ನ್ಯಾನೊ ಅದಕ್ಕಿಂತ ಸಾಧು, ಪಾಪದ್ದು. ಮಳೆಯಲ್ಲಿ ಸ್ಕೂಟರಿನ ಮೇಲೆ ನೆನೆಯುತ್ತಾ ಹೋಗುವ ಸಂಸಾರವನ್ನು ನೋಡಿ ರತನ್ ಟಾಟಾ ಅವರಿಗೆ ಹೊಳೆದ ಕಾರು. 'ಒಂದು ಲಕ್ಷದ ಕಾರು' ಎಂಬ ಹೆಸರೇ ಅದಕ್ಕೆ ಮುಳುವಾಯಿತು. ಒಂದು ಲಕ್ಷದ್ದು ಅಂತ ಪಕ್ಕದ ಮನೆಯವರಿಗೂ ಗೊತ್ತಿರುವ ಕಾರನ್ನು ಯಾರು ಕೊಳ್ಳುತ್ತಾರೆ? ನಾವು ಸೈಕಲ್ಲಿನವರು ಮಾತ್ರ ಅದು ನಿಂತು ಹೋದಾಗ ನಿಜವಾಗಿ ಬೇಸರಪಟ್ಟೆವು.

ಕ್ವಾಲಿಸ್, ಆಮೇಲೆ ಇನ್ನೋವಾ: ಇವು ಪುಟ್ಟಪರ್ತಿಯ ಭಕ್ತರನ್ನು ಹೊತ್ತು ಬರುವ ಹಳದಿ ಬೋರ್ಡಿನವು. ಒಳಗೆ ಕೂತವರ ಮುಖದಲ್ಲಿ ಶಾಂತಿ ಇರುತ್ತದೆ, ಡ್ರೈವರನ ಕಣ್ಣು ಗಡಿಯಾರದ ಮೇಲಿರುತ್ತದೆ. ದೇವನಹಳ್ಳಿಯಲ್ಲಿ 2008ರಲ್ಲಿ ಏರ್‌ಪೋರ್ಟ್ ಆದ ಮೇಲೆ ಆ ಗಡಿಯಾರ ಇನ್ನೂ ಜೋರಾಯಿತು. ಆ ಡ್ರೈವರ್ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ನಿದ್ದೆಯಿಲ್ಲದವರು, ಮಾಲೀಕನಿಗೂ ವಿಮಾನಕ್ಕೂ ನಡುವೆ ಸಿಕ್ಕಿಕೊಂಡವರು. ಆದರೆ ಅವರ ಹಾರ್ನ್ ಕೇಳಿದರೆ ಮಣ್ಣಿಗೆ ಇಳಿಯುತ್ತೇನೆ. ಕನಿಕರ ಬೇರೆ, ಪ್ರಾಣ ಬೇರೆ.

ಸ್ಕಾರ್ಪಿಯೋ ಬಗ್ಗೆ ನಮ್ಮ ನಾಲ್ವರಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. ಕಪ್ಪು ಗಾಜು, ಮುಂದೆ ಬಾವುಟ, ಹಿಂದೆ ಯಾರದೋ ಫೋಟೊ. ಒಂದೊಂದಾಗಿ ಬಂದರೆ ಅಷ್ಟು ಭಯವಿಲ್ಲ. ಚುನಾವಣೆ ಬಂತೆಂದರೆ ಎಂಟು ಹತ್ತು ಸೇರಿ ಬರುತ್ತವೆ. ಮೊದಲನೆಯದು ನಿಮ್ಮನ್ನು ನೋಡಿರುತ್ತದೆ. ಎರಡನೆಯದು ಮೊದಲನೆಯದನ್ನು ಮಾತ್ರ ನೋಡುತ್ತಿರುತ್ತದೆ. ಸರ್ಕಾರಿ ಜೀಪಿನದು ಇನ್ನೊಂದು ಬಗೆ: ಅದು ವೇಗವಾಗಿ ಹೋಗುವುದಿಲ್ಲ, ನಡುರಸ್ತೆ ಬಿಡುವುದೂ ಇಲ್ಲ.

ಎಲ್ಲಕ್ಕಿಂತ ಒಳ್ಳೆಯ ಕಾರು ಯಾವುದು ಎಂದು ಕೇಳಿದರೆ ನಾನು ಕಂಪನಿಯ ಹೆಸರು ಹೇಳುವುದಿಲ್ಲ. ಚಕ್ರದಡಿ ನಿಂಬೆಹಣ್ಣು ಒಡೆದ ಹಸಿ ಹಾಗೇ ಇದೆ, ಬಾನೆಟ್ ಮೇಲೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಹಳದಿ ಹಲಗೆಯ ಮೇಲೆ ಕೆಂಪು ಅಕ್ಷರದ ತಾತ್ಕಾಲಿಕ ನಂಬರು. ಅದು ನಿಮ್ಮನ್ನು ದಾಟುವಾಗ ಹೊಸ ಮದುವಣಗಿತ್ತಿ ಹೊಸ್ತಿಲು ದಾಟಿದ ಹಾಗೆ ದಾಟುತ್ತದೆ. ಅಷ್ಟು ಅಗಲ ಬಿಟ್ಟು ಹೋಗುತ್ತದೆಂದರೆ, ಆಚೆ ಹೊಲದ ಶೇಂಗಾ ಬಳ್ಳಿಗೆ ತಾಗುವುದೇನೋ ಅನ್ನಿಸಬೇಕು. ಕೆಂಪು 'ಎಲ್' ಅಂಟಿಸಿಕೊಂಡದ್ದು ಅದಕ್ಕಿಂತಲೂ ಮಿಗಿಲು. ಒಳಗಿನ ಹೆಂಗಸು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಹಿಂದೆಯೇ ಅರ್ಧ ಮೈಲಿ ಬಂದಿದ್ದಾಳೆ. ನಾನೇ ನಿಂತು ಕೈ ಬೀಸಿ ಮುಂದೆ ಕಳಿಸಿದೆ. ಜೀವಮಾನದಲ್ಲಿ ನಾನು ದಾರಿ ಬಿಟ್ಟುಕೊಟ್ಟದ್ದಕ್ಕೆ ಕೈಮುಗಿದ ಕಾರು ಅದೊಂದೇ.

ಈ ಜಾತಕಗಳನ್ನೆಲ್ಲ ಬರೆದುಕೊಂಡು ಕೂತಾಗ ಒಂದು ದಿನ ಹೊಳೆಯಿತು: ನಾನು ಕಾರಿನ ಗುಣ ಹೇಳುತ್ತಿಲ್ಲ, ಅದು ಹೋದ ಮೇಲೆ ನನಗೆ ರಸ್ತೆಯಲ್ಲಿ ಎಷ್ಟು ಉಳಿಯಿತು ಅನ್ನುವುದನ್ನು ಹೇಳುತ್ತಿದ್ದೇನೆ. ಲೆಕ್ಕದ ಮೇಷ್ಟ್ರಿಗೆ ಇದು ಮೊದಲೇ ಹೊಳೆಯಬೇಕಿತ್ತು. ರಸ್ತೆ ಭಾಜ್ಯ, ಕಾರು ಭಾಜಕ, ಸೈಕಲ್ಲಿನವನು ಶೇಷ.

ಲೆಕ್ಕ ಮಾಡಿಯೇ ಬಿಡೋಣ. ಹಳ್ಳಿಗೆ ಹೋಗುವ ಒಂಟಿ ಡಾಂಬರು ರಸ್ತೆಯ ಅಗಲ ಸರ್ಕಾರದ ಅಳತೆಯಲ್ಲಿ 3.75 ಮೀಟರ್. ಮಾರುತಿ 800ರ ಅಗಲ 1.44 ಮೀಟರ್. ಎರಡು ಮಾರುತಿಗಳು ಎದುರುಬದುರಾದರೆ 2.88. ಕಾಗದದ ಮೇಲೆ ಶೇಷ 87 ಸೆಂಟಿಮೀಟರ್. ನನ್ನ ಹ್ಯಾಂಡಲ್ 60ರ ಒಳಗೆ. ಕಷ್ಟದಲ್ಲಿ, ಉಸಿರು ಹಿಡಿದು, ಆದರೂ ಮೂವರೂ ಡಾಂಬರಿನ ಮೇಲೆ. ಈಗ ನಮ್ಮ ಜಿಲ್ಲೆಯದೇ ಮಗು ಕಿಯಾ ಸೆಲ್ಟೋಸ್ ತೆಗೆದುಕೊಳ್ಳಿ. 2019ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ಬಂದದ್ದು. ಆಗ ಅದರ ಅಗಲ 1.80. ಎರಡು ಎದುರಾದರೆ 3.60. ಶೇಷ 15 ಸೆಂಟಿಮೀಟರ್, ಅದೂ ಪಕ್ಕದ ಕನ್ನಡಿಗಳನ್ನು ಲೆಕ್ಕಕ್ಕೆ ಹಿಡಿಯದೆ. ನಾನು ಕ್ಲಾಸಿನಲ್ಲಿ ಉಪಯೋಗಿಸುತ್ತಿದ್ದ ಸ್ಕೇಲಿನ ಅರ್ಧ. ಒಂದೊಂದು ಕಾರೂ 36 ಸೆಂಟಿಮೀಟರ್ ದಪ್ಪ ಆಯಿತು, ರಸ್ತೆ ಮಾತ್ರ ಇದ್ದಷ್ಟೇ. ಆ 36 ಎಲ್ಲಿಂದ ಬಂತು ಅಂತ ಶೋರೂಮಿನಲ್ಲಿ ಯಾರೂ ಕೇಳುವುದಿಲ್ಲ. ನನಗೆ ಗೊತ್ತು. ನನ್ನ ಪಾಲಿನಿಂದ ಬಂತು. ಹಾಗೆ ನೋಡಿದರೆ ನಾವು ಬಿಟ್ಟಿ ರಸ್ತೆಯ ಮೇಲೆ ಓಡಾಡಿದವರೂ ಅಲ್ಲ. ಹಿಂದೆ ಎಷ್ಟೋ ಪುರಸಭೆಗಳಲ್ಲಿ ಸೈಕಲ್ಲಿಗೂ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು. ಡೈನಮೋ ಉರಿಯದಿದ್ದರೆ, ಡಬಲ್ಸ್ ಹೊಡೆದರೆ ಪೊಲೀಸರು ಗಾಳಿ ಬಿಟ್ಟು ಕಳಿಸುತ್ತಿದ್ದರು.

ಕಿಯಾ ಬಗ್ಗೆ ಇಷ್ಟು ಹೇಳಿದ ಮೇಲೆ ಇನ್ನಷ್ಟು ಹೇಳಬೇಕು, ಇಲ್ಲದಿದ್ದರೆ ಊರವರು ಬಿಡುವುದಿಲ್ಲ. ಪೆನುಕೊಂಡದ ಹತ್ತಿರ ಎರ್ರಮಂಚಿಯಲ್ಲಿ ವರ್ಷಕ್ಕೆ 3 ಲಕ್ಷ ಕಾರು ಮಾಡುವ ಶಕ್ತಿಯ ಫ್ಯಾಕ್ಟರಿ ಎದ್ದಿತು. ಮಳೆ ಬಾರದ, ಶೇಂಗಾ ಒಣಗುವ ಸೀಮೆಯಲ್ಲಿ ಕಾರು ಬೆಳೆಯಿತು. ನನ್ನ ಹತ್ತಿರ ತ್ರೈರಾಶಿ ಕಲಿತ ಹುಡುಗರು ಅಲ್ಲಿ ಕೆಲಸಕ್ಕೆ ಸೇರಿದರು. ಹೆದ್ದಾರಿಯ ಬದಿಯಲ್ಲಿ ಕೊರಿಯಾ ಭಾಷೆಯ ಬೋರ್ಡುಗಳು ಬಂದವು. ನಾಲ್ಕನೆಯ ಭಾಷೆಯಲ್ಲಿ ಬೈಸಿಕೊಳ್ಳುವ ಭಾಗ್ಯ ಇನ್ನೂ ಬಂದಿಲ್ಲ. ಚೆಕ್‌ಪೋಸ್ಟಿನಲ್ಲಿ ಟೀ ಕುಡಿಯುತ್ತಾ ನಿಂತರೆ ಉದ್ದನೆಯ ಲಾರಿಗಳಲ್ಲಿ ಹೊಸ ಕಾರುಗಳು ಸಾಲಾಗಿ ಬೆಂಗಳೂರಿನ ಕಡೆ ಹೋಗುವುದು ಕಾಣುತ್ತದೆ. ಹುಟ್ಟಿದ ಕೂಡಲೆ ಬೇರೆಯವರ ಹೆಗಲೇರಿ ಹೋಗುವ ಅವುಗಳನ್ನು ನೋಡಿ, 'ಇವಕ್ಕೆ ರಸ್ತೆ ಅಂದರೆ ಏನು ಅಂತ ಇನ್ನೂ ಗೊತ್ತಿಲ್ಲ' ಅನ್ನುತ್ತಾರೆ ಭಾಯಿ. ಪಂಚರ್ ಅಂಗಡಿಯವರ ಅಂತಃಕರಣ.

ಇಂಗ್ಲೆಂಡಿನಲ್ಲಿ ನನಗಿಂತ ಲೆಕ್ಕದ ಹುಚ್ಚು ಜಾಸ್ತಿ ಇರುವ ಒಬ್ಬರಿದ್ದಾರೆ. ಬಾತ್ ವಿಶ್ವವಿದ್ಯಾಲಯದಲ್ಲಿದ್ದ ಇಯಾನ್ ವಾಕರ್ ಎಂಬ ಮನಶ್ಶಾಸ್ತ್ರಜ್ಞರು ಸೈಕಲ್ಲಿಗೆ ಅಳತೆಯ ಯಂತ್ರ ಕಟ್ಟಿಕೊಂಡು ಹೊರಟು, ತಮ್ಮನ್ನು ದಾಟಿದ ಎರಡು ಸಾವಿರಕ್ಕೂ ಹೆಚ್ಚು ವಾಹನಗಳು ಎಷ್ಟು ದೂರ ಬಿಟ್ಟು ದಾಟಿದವು ಎಂದು ಅಳೆದರು. 2006ರಲ್ಲಿ ಲೆಕ್ಕ ಹೊರಗೆ ಬಂತು. ಸರಾಸರಿ ಕಾರು 1.33 ಮೀಟರ್ ಬಿಟ್ಟಿತು, ಲಾರಿ ಅದಕ್ಕಿಂತ 19 ಸೆಂಟಿಮೀಟರ್ ಕಡಿಮೆ, ಬಸ್ಸು 23 ಕಡಿಮೆ. ಹೆಲ್ಮೆಟ್ ಹಾಕಿಕೊಂಡಾಗ ಗಾಡಿಗಳು ಸರಾಸರಿ 8.5 ಸೆಂಟಿಮೀಟರ್ ಹತ್ತಿರ ಬಂದವಂತೆ. ಉದ್ದ ಕೂದಲಿನ ಟೋಪನ್ ಹಾಕಿಕೊಂಡು ಹಿಂದಿನಿಂದ ಹೆಂಗಸಿನಂತೆ ಕಂಡಾಗ ಜಾಸ್ತಿ ಜಾಗ ಸಿಕ್ಕಿತಂತೆ. ಈ ಪ್ರಯೋಗದ ನಡುವೆ ಅವರಿಗೆ ಒಮ್ಮೆ ಬಸ್ಸು, ಒಮ್ಮೆ ಲಾರಿ ತಾಗಿತು. ಎರಡು ಸಲವೂ ತಲೆ ಮೇಲೆ ಹೆಲ್ಮೆಟ್ ಇತ್ತು. ಹೆಲ್ಮೆಟ್ಟಿನ ಲೆಕ್ಕವನ್ನು ಒಪ್ಪದ ಪಂಡಿತರೂ ಇದ್ದಾರೆ, ಆದ್ದರಿಂದ ಇದನ್ನು ಓದಿ ಯಾರೂ ಹೆಲ್ಮೆಟ್ ತೆಗೆದಿಡಬೇಡಿ. ನನಗೆ ಚುಚ್ಚಿದ್ದು ಇನ್ನೊಂದು ಅಂಶ: ಜೀಪಿನಂಥ ದೊಡ್ಡ ಕಾರುಗಳು ಬೇರೆ ಕಾರುಗಳಿಗಿಂತ ಹತ್ತಿರ ಬರುತ್ತವೆ ಎನ್ನಲು ಅವರಿಗೆ ಆಧಾರವೇ ಸಿಗಲಿಲ್ಲ. ಇದನ್ನು ಭಾಯಿಯ ಅಂಗಡಿಯಲ್ಲಿ ಹೇಳಿದೆ. ಮಾವ ಹಾಲಿನ ಕ್ಯಾನು ಇಳಿಸಿ, "ಅವರು ಹಿಂದೂಪುರಕ್ಕೆ ಬಂದು ಅಳೆದರಾ ಮೇಷ್ಟ್ರೇ?" ಅಂದರು. ಸಂಶೋಧನೆ ಅಲ್ಲಿಗೆ ಬಿದ್ದು ಹೋಯಿತು.

ಟೋಪನ್ನಿನ ಮಾತು ಮಾತ್ರ ನಮ್ಮ ಅನುಭವಕ್ಕೆ ಸರಿಯಾಗಿದೆ. ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಲೇಪಾಕ್ಷಿಗೆ ಸೈಕಲ್ ಮೇಲೆ ಬರುವವರ ಗುಂಪುಗಳಿವೆ. ಬಿಗಿ ಬಟ್ಟೆ, ಬಣ್ಣದ ಹೆಲ್ಮೆಟ್ಟು, ಬೆರಳಲ್ಲಿ ಎತ್ತಬಹುದಾದ ಸೈಕಲ್ಲು. ಅದರ ಬೆಲೆಗೆ ಹಳೆಯ ಕಾರು ಬರುತ್ತದೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸುವ ಬ್ರೆವೆ ಎಂಬ ಸವಾರಿಯ ಅಭ್ಯಾಸ ಅವರದು. ಒಳ್ಳೆಯ ಮಕ್ಕಳು, ಎಳನೀರು ಕುಡಿದು ನನ್ನ ಹಳೇ ಅಟ್ಲಾಸನ್ನು ಮುಟ್ಟಿ ನೋಡುತ್ತಾರೆ. ಕಾರಿನವರು ನಮ್ಮನ್ನು ಸವರಿಕೊಂಡೇ ಹೋಗುತ್ತಾರೆ ಅಂಕಲ್, ನಿಮಗೆ ಹೇಗೆ ಎಂದು ಕೇಳಿದರು. ನಾನು ಗುಟ್ಟು ಹೇಳಿದೆ. ನೀವು ಗೆರೆ ಎಳೆದ ಹಾಗೆ ನೇರ ಹೋಗುತ್ತೀರಿ, ನಿಮ್ಮನ್ನು ನಂಬಬಹುದು, ಅದಕ್ಕೇ ಹತ್ತಿರ ಬರುತ್ತಾರೆ. ನನ್ನನ್ನು ನೋಡಿ: ಪಂಚೆ, ತಲೆಗೆ ಸುತ್ತಿದ ಕೆಂಪು ಟವೆಲ್ಲು, ವಯಸ್ಸಾದ ಬೆನ್ನು. ಹಿಂದೆ ಗಾಡಿ ಬಂತೆಂದರೆ ಒಂದು ಸಲ ಬೇಕೆಂದೇ ಓಲಾಡುತ್ತೇನೆ. ಮುದುಕ ಯಾವ ಕಡೆ ಬೀಳುತ್ತಾನೋ ಅಂತ ಡ್ರೈವರಿಗೆ ಅನುಮಾನ ಹುಟ್ಟಬೇಕು. ಅನುಮಾನಕ್ಕೆ ಒಂದು ಮೀಟರ್ ಜಾಗ ಗ್ಯಾರಂಟಿ.

ಮಾವನದು ಇನ್ನೂ ಒಳ್ಳೆಯ ಉಪಾಯ. ಕ್ಯಾರಿಯರ್ ಮೇಲೆ ಅಡ್ಡಡ್ಡ ನಾಲ್ಕು ಜಾಲಿ ಕಡ್ಡಿ ಕಟ್ಟಿಕೊಳ್ಳುತ್ತಾರೆ, ತುದಿಯ ಮುಳ್ಳು ಹಾಗೇ ಇರುವಂತೆ. ಸೌದೆಗಲ್ಲ. ಕಾರಿನವರು ಮನುಷ್ಯನಿಗೆ ತಗಲುತ್ತದೆ ಅಂತ ದೂರ ಹೋಗುವುದಿಲ್ಲ, ಬಣ್ಣಕ್ಕೆ ಗೀರು ಬೀಳುತ್ತದೆ ಅಂತ ಹೋಗುತ್ತಾರೆ. ಕಾರು ಹೊಸದಾದಷ್ಟೂ ಕಡ್ಡಿಗೆ ಮರ್ಯಾದೆ ಜಾಸ್ತಿ. ನಿಂಬೆಹಣ್ಣಿನ ಕಾರಿನ ಒಳ್ಳೆಯತನದ ಮರ್ಮ ನನಗೆ ತಿಳಿದದ್ದು ಆ ಕಡ್ಡಿಯಿಂದಲೇ.

ವೇಗವಾಗಿ ಹೋಗುವುದೇ ದೊಡ್ಡಸ್ತಿಕೆ ಅಲ್ಲದ ಗಾಡಿಯೂ ಒಂದಿತ್ತು. 1980ರ ದಶಕದ ಆರಂಭದಲ್ಲಿ ಎನ್.ಟಿ. ರಾಮರಾವ್ ಹಳೆಯ ಷೆವರ್ಲೆ ವ್ಯಾನೊಂದನ್ನು 'ಚೈತನ್ಯ ರಥ' ಮಾಡಿಕೊಂಡು ಆಂಧ್ರವೆಲ್ಲ ಸುತ್ತಿದರು. ಓಡಿಸುತ್ತಿದ್ದವರು ಮಗ ಹರಿಕೃಷ್ಣ. ಜನರ ನಡುವೆ ಹೋಗಬೇಕಾದ ಗಾಡಿ, ಜನ ದಾರಿ ಬಿಡುವವರೆಗೆ ಕಾಯಬೇಕಾದ ಗಾಡಿ. 1985ರಲ್ಲಿ ರಾಮರಾವ್ ನಮ್ಮ ಹಿಂದೂಪುರದಿಂದಲೇ ಗೆದ್ದರು. ಅವರು ತೀರಿಕೊಂಡ ಮೇಲೆ 1996ರಲ್ಲಿ ಹರಿಕೃಷ್ಣ ನಮ್ಮ ಶಾಸಕರಾದರು. 2018ರ ಆಗಸ್ಟ್ 29ರ ಬೆಳಿಗ್ಗೆ ನಲ್ಗೊಂಡ ಜಿಲ್ಲೆಯ ಹೆದ್ದಾರಿಯಲ್ಲಿ, ತಾವೇ ಓಡಿಸುತ್ತಿದ್ದ ಕಾರು ಉರುಳಿ ಅವರು ಹೋಗಿಬಿಟ್ಟರು. ಭಾಯಿ ಆ ದಿನ ಅಂಗಡಿ ತೆರೆಯಲಿಲ್ಲ.

ನನ್ನದೂ ಒಂದು ಬಿದ್ದ ಕಥೆಯಿದೆ. 2024ರ ಚುನಾವಣೆಯ ಸಮಯ, ಏಪ್ರಿಲ್ ಬಿಸಿಲು. ಹಿಂದೂಪುರದ ಪೇಟೆಯಲ್ಲಿ ಬಳೆ ಅಂಗಡಿಗಳ ಮುಂದೆ ಎಡಬದಿಗೆ ಕಾರುಗಳು ನಿಂತಿದ್ದವು. ಅವುಗಳ ಪಕ್ಕದಲ್ಲಿ ನಿಧಾನವಾಗಿ ಹೋಗುತ್ತಿದ್ದೆ. ಒಂದು ಪುಟ್ಟ ಕಾರಿನ ಬಾಗಿಲು ತಟ್ಟನೆ ತೆರೆಯಿತು. ಯಾವ ಕಾರು ಅಂತ ಹೇಳುವುದಿಲ್ಲ, ಮೇಲೆ ಅಷ್ಟು ಹೊಗಳಿ ಆಗಿದೆ. ಇಳಿದವರು ನನ್ನಂತೆಯೇ ಕನ್ನಡಕದ ಮನುಷ್ಯ. ಬಾಗಿಲಿಗೆ ಏನಾದರೂ ಆಯಿತೇ ಎಂದು ಮೊದಲು ನೋಡಿದರು, ಆಮೇಲೆ ನನ್ನನ್ನು. ಮೊಣಕಾಲು ತರಚಿ, ಹ್ಯಾಂಡಲ್ ಡೊಂಕಾಗಿ, ಟವೆಲ್ಲು ಚರಂಡಿಗೆ ಹೋಗಿತ್ತು. ಹಿಂದಿನಿಂದ ಬಂದ ಸ್ಕಾರ್ಪಿಯೋ ಕಿರ್ರನೆ ನಿಂತಿತು. ಕಪ್ಪು ಗಾಜು, ಬಾವುಟ, ಎಲ್ಲ ಇತ್ತು. ನಾಲ್ಕು ಹುಡುಗರು ಇಳಿದು ನನ್ನನ್ನು ಎತ್ತಿ ನೆರಳಿಗೆ ಕೂರಿಸಿ, ಗೋಲಿ ಸೋಡಾ ಕುಡಿಸಿ, ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ನೇರ ಮಾಡಿದರು. ಒಬ್ಬನು ನನ್ನ ಪಕ್ಕ ಕೂತು ಸೆಲ್ಫಿ ತೆಗೆದುಕೊಂಡ. ಹೋಗುವಾಗ ಕೈಗೊಂದು ಕರಪತ್ರ ಕೊಟ್ಟು, "ಮರಚಿಪೋವದ್ದು ಸಾರ್" ಅಂದ.

ಸಂಜೆ ಅಂಗಡಿಯಲ್ಲಿ ಈ ಪ್ರಸಂಗ ಚರ್ಚೆಗೆ ಬಂತು. ಸ್ಕಾರ್ಪಿಯೋ ಬಗ್ಗೆ ಮರುಪರಿಶೀಲನೆ ಆಗಬೇಕೇ ಎಂದು ಪೇಪರ್ ಹುಡುಗ ಕೇಳಿದ. ನಾವು ಮೂವರು ಹಿರಿಯರು ಯೋಚಿಸಿ ಬೇಡ ಎಂದೆವು. ಒಂದು ಸ್ಕಾರ್ಪಿಯೋಗಾಗಿ ಇಪ್ಪತ್ತು ವರ್ಷದ ಅಭಿಪ್ರಾಯವನ್ನು ಕೈಬಿಡಲಾಗುತ್ತದೆಯೇ? ಭಾಯಿ ಹ್ಯಾಂಡಲ್ಲನ್ನು ಇನ್ನೊಮ್ಮೆ ನೋಡಿ, "ಹುಡುಗರು ಕೆಲಸ ಮಾತ್ರ ಸರಿಯಾಗಿ ಮಾಡಿದಾರೆ" ಎಂದು ಸ್ಪ್ಯಾನರನ್ನು ಕೆಳಗಿಟ್ಟರು. ಅಷ್ಟು ರಿಯಾಯಿತಿ ಕೊಟ್ಟಿದ್ದೇವೆ.

ನೀವು ಕಾರಿನಲ್ಲಿ ಲೇಪಾಕ್ಷಿಗೆ ಬರುವವರಾದರೆ ಒಂದು ಮಾತು. ತೂಗುವ ಕಂಬದ ಅಡಿ ಬಟ್ಟೆ ತೂರಿಸಿ ನೋಡಿ, ಬಸವಣ್ಣನ ಮುಂದೆ ಫೋಟೊ ತೆಗೆಸಿಕೊಳ್ಳಿ. ಗಾಡಿ ನಿಲ್ಲಿಸಿ ಇಳಿಯುವಾಗ ಮಾತ್ರ ಬಲಬದಿಯ ಬಾಗಿಲನ್ನು ಎಡಗೈಯಿಂದ ತೆಗೆಯಿರಿ. ಮೈ ತಾನಾಗಿ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತದೆ. ಕೆಂಪು ಟವೆಲ್ಲು ಕಂಡರೆ ಸ್ವಲ್ಪ ತಡೆಯಿರಿ, ಹೊಸದು ಕೊಂಡಿದ್ದೇನೆ.